ನಾದಿನಿಗೆ ಹೇಳದೆ ತಂದ ಯಂತ್ರ

ಬೀದಿಯವರೆಲ್ಲ ಅವಳನ್ನು ಒಗಟಿನಕ್ಕ ಎಂದೇ ಕರೆಯುತ್ತಿದ್ದರು. ಅವಳು ಒಗಟು ಹೇಳುತ್ತಿದ್ದಳೆಂದಲ್ಲ, ಮರದಲ್ಲಿ ಒಗಟು ಮಾಡುತ್ತಿದ್ದಳು. ತೆಳು ಪ್ಲೈವುಡ್ಡಿನ ಮೇಲೆ ಮೀನನ್ನೋ ಬಸ್ಸನ್ನೋ ಬರೆದು, ಹನ್ನೆರಡು ತುಂಡಾಗಿ ಕತ್ತರಿಸಿ, ಮತ್ತೆ ಜೋಡಿಸಲೆಂದು ಮಕ್ಕಳ ಕೈಗೆ ಕೊಡುವ ಆಟಿಕೆ ಅದು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು; ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವಳ ನಾದಿನಿ. ಇಬ್ಬರ ಕೈಯಲ್ಲೂ ದಾರದಷ್ಟು ಸಣ್ಣ ಅಲಗಿನ ಗರಗಸ. ಹದಿನೆಂಟು ವರ್ಷ ಹೀಗೇ ನಡೆದಿತ್ತು.

ನಾದಿನಿ ಎರಡು ಬೀದಿ ಆಚೆ ಒಬ್ಬಳೇ ಇದ್ದಳು. ಒಂಬತ್ತಕ್ಕೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಾತು ಶುರು ಮಾಡಿದರೆ ಸಂಜೆ ಚಪ್ಪಲಿ ಮೆಟ್ಟುವವರೆಗೂ ನಿಲ್ಲಿಸುತ್ತಿರಲಿಲ್ಲ. ಚಿತ್ರಗಳೆಲ್ಲ ಅವಳವೇ. ಒಗಟಿನಕ್ಕನಿಗೆ ಗೆರೆಯ ಮೇಲೆ ಕತ್ತರಿಸಲು ಬರುತ್ತಿತ್ತು, ಗೆರೆ ಎಳೆಯಲು ಬರುತ್ತಿರಲಿಲ್ಲ.

"ನಮ್ಮತ್ತಿಗೆ ಆನೆ ಬರೆದ್ರೆ ಆ ಆನೆನೇ ಬೆಚ್ಚಿಬೀಳತ್ತೆ" ಎಂದು ನಾದಿನಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಒಗಟಿನಕ್ಕನೂ ನಗುತ್ತಿದ್ದಳು.

ಐವತ್ತೆರಡನೆಯ ವಯಸ್ಸಿಗೆ ಒಗಟಿನಕ್ಕನ ಬಲ ಮಣಿಕಟ್ಟು ಕೈಕೊಟ್ಟಿತು. ನೀರಿನ ಲೋಟ ಎತ್ತಲೂ ಎಡಗೈಯೇ ಬೇಕಾಯಿತು. ಗರಗಸ ಬಿಡದಿದ್ದರೆ ಕೈಯನ್ನೇ ಬಿಡಬೇಕಾದೀತು ಎಂದು ವೈದ್ಯರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಅದೇ ವಾರ, ಕಲಿಕೆಯಲ್ಲಿ ನಿಧಾನವಾದ ಮಕ್ಕಳ ಶಾಲೆಯ ಹೆಡ್‌ಮಿಸ್ಸು ಎಂಬತ್ತು ಒಗಟು ಬೇಕೆಂದು ಹೇಳಿಕಳಿಸಿದರು. ಒಂದಕ್ಕೆ ಎರಡು ಗಂಟೆ ಹಿಡಿಯುವ ಕೆಲಸ. ಅವಳು ನಾದಿನಿಗೆ ಆ ಸುದ್ದಿ ಹೇಳಲೇ ಇಲ್ಲ. ಮೊದಲು ಬಾಗಿಲು ಮಾಡುವ ಬಡಗಿಯ ಬಳಿಗೆ ಹೋದಳು. ಅವನ ಅಂಗಡಿಯಲ್ಲಿ ಬೆಳಕಿನಿಂದ ಮರ ಕತ್ತರಿಸುವ, ಮೇಜಿನ ಮೇಲಿಡುವಂಥ ಒಂದು ಲೇಸರ್ ಯಂತ್ರವಿತ್ತು.

"ಪೆಟ್ಟಿಗೆ ಮೇಲೆ ನಲವತ್ತು ವ್ಯಾಟ್ ಅಂತ ದಪ್ಪಗೆ ಬರೆದಿರ್ತಾರೆ, ಮೋಸ ಹೋಗ್ಬೇಡಿ" ಎಂದ ಬಡಗಿ. "ಅದು ತಿನ್ನೋ ಕರೆಂಟಿನ ಲೆಕ್ಕ. ಬೆಳಕಾಗಿ ಎಷ್ಟು ಬರತ್ತೆ ಅಂತ ಕೇಳಿ. ನಿಮ್ಮ ತೆಳು ಪ್ಲೈವುಡ್ಡಿಗೆ ಹತ್ತು ಬಂದ್ರೆ ಧಾರಾಳ. ಐದಾದ್ರೆ ಒಂದೇ ಗೆರೆನ ನಾಕು ಸಲ ಓಡಿಸ್ತಾ ಕೂರ್ಬೇಕು. ಮತ್ತೆ, ಮುಚ್ಚಳ ಇರೋದೇ ತಗೊಳ್ಳಿ. ಗಾಳಿ ಊದೋ ಪಂಪು ಇರ್ಲಿ, ಇಲ್ದಿದ್ರೆ ಅಂಚೆಲ್ಲ ಇದ್ದಲಾಗತ್ತೆ. ಹೊಗೆ ಕಿಟಕಿ ಆಚೆ ಹೋಗ್ಬೇಕು. ಕಣ್ಣಿಗೆ ಅದರದ್ದೇ ಕನ್ನಡಕ. ಇಷ್ಟೆ."

ಇಷ್ಟೆ ಎಂದದ್ದಕ್ಕೆ ಮೂರು ಸಲ ಪೇಟೆಗೆ ಅಲೆಯಬೇಕಾಯಿತು. ಮೊದಲ ಅಂಗಡಿಯವನು ಬೆಳಕೆಷ್ಟು ಎಂಬ ಪ್ರಶ್ನೆಗೆ ಯಂತ್ರದ ಬಣ್ಣ ಹೊಗಳಿದ. ಎರಡನೆಯವನ ಯಂತ್ರಕ್ಕೆ ಮುಚ್ಚಳವಿರಲಿಲ್ಲ. ಮೂರನೆಯವನು ಅವಳು ಒಯ್ದಿದ್ದ ಪ್ಲೈವುಡ್ ಚೂರನ್ನೇ ಒಳಗಿಟ್ಟು ಕತ್ತರಿಸಿ ತೋರಿಸಿದ. ಚೂರು ತಾನಾಗಿ ಕೆಳಗೆ ಬಿತ್ತು. ಅದನ್ನೇ ಕೊಂಡಳು.

ಮೂರು ಸಲವೂ ಅವಳು ನಾದಿನಿಗೆ ಹೇಳಿದ್ದು ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು. ಯಾಕೆ ಹಾಗೆ ಹೇಳಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಯಂತ್ರ ಸರಿಹೋದರೆ ಮುಂದೆ ನೋಡೋಣ ಎಂದು ಒಂದು ಮನಸ್ಸು. ಯಂತ್ರ ಸರಿಹೋದರೆ ಮೇಜಿನ ಆ ತುದಿಯಲ್ಲಿ ಯಾರೂ ಬೇಡ ಎಂದು ಇನ್ನೊಂದು. ಈ ಎರಡನೆಯದನ್ನು ಅವಳು ತನಗೆ ತಾನೇ ಕೂಡ ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ. ಮೂರನೆಯ ಸಲ ಮನೆಗೆ ಬಂದಾಗ ನಾದಿನಿ ಹಲ್ಲಿಗೆ ನೋವಾಗದಂಥ ಮೆತ್ತನೆಯ ಊಟ ಮಾಡಿ, ಬಿಸಿ ಆರದಂತೆ ಬಟ್ಟೆ ಸುತ್ತಿ ತಂದಿಟ್ಟಿದ್ದಳು. "ಎಡಗಡೆನಾ ಬಲಗಡೆನಾ?" ಎಂದು ಗಲ್ಲ ಮುಟ್ಟಿ ನೋಡಿದಳು. ಒಗಟಿನಕ್ಕ ಎಡಗಡೆ ಎಂದು ಬಾಯಿಗೆ ಬಂದದ್ದು ಹೇಳಿ, ಗಟ್ಟಿ ಹಲ್ಲುಗಳನ್ನಿಟ್ಟುಕೊಂಡು ಆ ಊಟವನ್ನು ಮೆಲ್ಲಗೆ ತಿಂದಳು.

ಮಾರನೆಯ ದಿನ ಯಂತ್ರ ಬಂತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಗಂಡ ಪೆಟ್ಟಿಗೆ ಎತ್ತಿಕೊಂಡು, "ನಿನ್ನ ಹಲ್ಲಿನ ಡಾಕ್ಟ್ರು ಭಾರಿ ತೂಕದ ಮಾತ್ರೆ ಕೊಟ್ಟಿದ್ದಾರಲ್ಲೇ" ಎಂದ.

"ನಿಮ್ಮ ತಂಗಿಗೆ ನೀವೇ ಹೇಳ್ಬಿಡಿ."

"ಸುಳ್ಳು ಹೇಳಿದ್ದು ನೀನು, ನಿಜ ಹೇಳೋಕೆ ನಾನಾ? ನನ್ನ ಇದರಲ್ಲಿ ಸಿಕ್ಕಿಸ್ಬೇಡ ಮಾರಾಯ್ತಿ."

ಯಂತ್ರ ಹಿಂದಿನ ಕೋಣೆ ಸೇರಿತು. ಅಂದು ಸಂಜೆ ಒಗಟಿನಕ್ಕ ನಾದಿನಿಗೆ, "ಆರ್ಡರ್ ಯಾವುದೂ ಇಲ್ಲ ಕಣೆ. ಸ್ವಲ್ಪ ದಿನ ಬಿಡುವು ಮಾಡೋಣ" ಎಂದಳು.

"ಬಿಡಿ ಅತ್ತಿಗೆ, ಬರತ್ತೆ. ನಿಮ್ಮ ಕೈಗೂ ವಿಶ್ರಾಂತಿ ಆಯ್ತು" ಎಂದು ನಾದಿನಿಯೇ ಸಮಾಧಾನ ಹೇಳಿ ಹೋದಳು.

ಕಲಿಯಲು ಐದಾರು ದಿನ ಹಿಡಿಯಿತು. ವೇಗ ಹೆಚ್ಚಿದರೆ ತುಂಡು ಬಿಡಿಯಾಗುತ್ತಿರಲಿಲ್ಲ, ಕಡಿಮೆಯಾದರೆ ಅಂಚು ಕರಕಲಾಗುತ್ತಿತ್ತು. ಸಣ್ಣ ಚೌಕಗಳನ್ನು ಬೇರೆ ಬೇರೆ ವೇಗದಲ್ಲಿ ಕತ್ತರಿಸಿ, ಪ್ರತಿಯೊಂದರ ಬೆನ್ನಿಗೂ ಪೆನ್ಸಿಲ್ಲಿನಲ್ಲಿ ವೇಗ ಬರೆದಿಟ್ಟಳು. ಹಲಗೆಯೊಳಗೆ ಅಂಟು ಗಟ್ಟಿಯಾದ ಕಡೆ ಬೆಳಕು ಸೋಲುತ್ತಿತ್ತು. ಹಲಗೆಯ ಮೇಲೆ ಕಾಗದದ ಟೇಪು ಅಂಟಿಸಿ ಕತ್ತರಿಸಿದರೆ ಮೈಗೆ ಹೊಗೆಯ ಕಲೆ ಹತ್ತುವುದಿಲ್ಲ ಎಂಬುದನ್ನು ಬಡಗಿ ಫೋನಿನಲ್ಲಿ ಹೇಳಿಕೊಟ್ಟ. ಚಿತ್ರಗಳ ಬಗ್ಗೆ ಅವಳು ಯೋಚಿಸಲೂ ಇಲ್ಲ. ನಾದಿನಿಯ ಕಾಗದಗಳ ಕಟ್ಟು ಮೇಜಿನ ಖಾನೆಯಲ್ಲೇ ಇತ್ತು. ಒಂದೊಂದನ್ನೇ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿಕೊಂಡಳು. ಆ ಬೆಳಕಿನ ಚುಕ್ಕೆ ನಾದಿನಿಯ ಕೈ ಹೋದ ದಾರಿಯಲ್ಲೇ, ಎಲ್ಲೂ ತಡವರಿಸದೆ ಹೋಗುವುದನ್ನು ಕನ್ನಡಕದೊಳಗಿಂದ ನೋಡುತ್ತ ಖುಷಿಪಟ್ಟಳು. ಹೌದು, ಖುಷಿಪಟ್ಟಳು. ಆಮೇಲೆ ಅವಳನ್ನು ಹೆಚ್ಚು ಚುಚ್ಚಿದ್ದು ಆ ಖುಷಿಯೇ.

ಒಂದು ಮಧ್ಯಾಹ್ನ ಯಂತ್ರ ಓಡುತ್ತಿರುವಾಗಲೇ ನಾದಿನಿಯ ಫೋನು ಬಂತು.

"ಏನಾದ್ರೂ ಆರ್ಡರ್ ಬಂತಾ ಅತ್ತಿಗೆ?"

"ಎಲ್ಲಿ ಬರತ್ತೆ!"

"ಅದೇನು ಗುಂಯ್ ಅಂತಿದೆ?"

"ವಾಷಿಂಗ್ ಮಷೀನು" ಎನ್ನುತ್ತ ಅವಳು ಮುಂದಿನ ಕೋಣೆಗೆ ಸರಿದಳು. ಎರಡು ಮಾತಾಡಿ ವಾಪಸ್ಸು ಬರುವಷ್ಟರಲ್ಲಿ ಮುಚ್ಚಳದೊಳಗೆ ಹೆಬ್ಬೆರಳಿನಷ್ಟು ಬೆಂಕಿ ಎದ್ದಿತ್ತು. ಯಂತ್ರ ನಿಲ್ಲಿಸಿ, ಒದ್ದೆ ಬಟ್ಟೆ ಎಸೆದು ಆರಿಸಿದಳು. ಯಂತ್ರವನ್ನು ಬಿಟ್ಟು ಕದಲಬೇಡಿ ಎಂದು ಬಡಗಿ ಸಾರಿ ಸಾರಿ ಹೇಳಿದ್ದ. ಫೋನು ಇನ್ನೂ ಕೈಯಲ್ಲೇ ಇತ್ತು. "ಅತ್ತಿಗೆ? ಏನಾಯ್ತು? ಬರ್ಲಾ?" ಎಂದು ನಾದಿನಿ ಕೂಗುತ್ತಿದ್ದಳು. "ಬೇಡ, ಬೇಡ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಎಂಬತ್ತು ಒಗಟು ಹೊತ್ತಿಗೆ ಮುಂಚೆಯೇ ಶಾಲೆ ಸೇರಿದವು. ಹದಿನೆಂಟು ವರ್ಷದ ಅಭ್ಯಾಸದಂತೆ ಪ್ರತಿಯೊಂದರ ಹಿಂದೆಯೂ 'ಕೈಯಿಂದ ಮಾಡಿದ್ದು' ಎಂಬ ಮುದ್ರೆ ಒತ್ತಿದ್ದಳು. ಒತ್ತುವಾಗ ಕೈ ಒಮ್ಮೆ ತಡೆಯಿತು. ಆದರೂ ಒತ್ತಿದಳು.

ಹತ್ತು ದಿನ ಕಳೆದ ಮೇಲೆ ನಾದಿನಿ ಬಂದಳು. ಬಾಗಿಲಲ್ಲಿ ಮಾತಿಲ್ಲ. ಒಳಗೆ ಬಂದು ಒಂದು ಮೀನಿನ ಒಗಟನ್ನು ಮೇಜಿನ ಮೇಲಿಟ್ಟು ತನ್ನ ತುದಿಯ ಕುರ್ಚಿಯಲ್ಲಿ ಕೂತಳು.

"ನಿಮಗೆ ಕೆಲಸ ಇಲ್ಲ ಅಂದ್ರಲ್ಲ, ಕೇಳಿ ನೋಡೋಣ ಅಂತ ಶಾಲೆಗೆ ಹೋಗಿದ್ದೆ. ಎಷ್ಟು ಕೊಟ್ರೂ ಸರಿ, ಮಾಡಿಕೊಡ್ತೀವಿ ಅಂದೆ. ಹೆಡ್‌ಮಿಸ್ಸು, ಈಗ ತಾನೇ ಎಂಬತ್ತು ಕೊಟ್ರಲ್ಲಮ್ಮ ಅಂತ ಇದನ್ನ ತೋರಿಸಿದ್ರು."

ಒಗಟಿನಕ್ಕ ಮೀನನ್ನು ತನ್ನತ್ತ ಎಳೆದುಕೊಂಡಳು. "ನೀನೇನಂದೆ?"

"ಏನಂತೀನಿ? ನಕ್ಕು, ಹೌದು, ಮರ್ತೇಹೋಗಿತ್ತು, ನಾವೇ ಮಾಡಿದ್ದು ಅಂದೆ. ನಿಮ್ಮ ಮರ್ಯಾದೆ ಹೋಗ್ಬಾರ್ದಲ್ಲ."

ಅವಳು ಬೈದಿದ್ದರೆ ಒಗಟಿನಕ್ಕ ಮರುಮಾತಾಡುತ್ತಿದ್ದಳೋ ಏನೋ. ಈಗ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಮೀನು ನಂದು" ಎಂದಳು ನಾದಿನಿ. "ಒಂದು ರೆಕ್ಕೆ ಹೆಚ್ಚಾಗಿ ಬರೆದುಬಿಟ್ಟಿದ್ದೆ, ಅದೂ ಹಾಗೇ ಇದೆ. ಇಪ್ಪತ್ತು ಮೀನಿಗೂ ಅಷ್ಟೇ ರೆಕ್ಕೆ, ಕೂದಲೆಳೆ ವ್ಯತ್ಯಾಸ ಇಲ್ಲ. ಕೈಯಲ್ಲಿ ಹಾಗೆ ಬರಲ್ಲ, ಯಂತ್ರದ್ದೇ. ಯಂತ್ರ ತರಬಾರ್ದು ಅಂತ ನಾನಂತಿದ್ನಾ? ನಿಮ್ಮ ಕೈ ನೋವು ನಂಗೆ ಗೊತ್ತಿರ್ಲಿಲ್ವಾ?"

"ನೀನು ಬೇಡ ಅಂತ ಹೇಳೋಕೆ ಬಾಯಿ ಬರ್ಲಿಲ್ಲ ಕಣೆ."

"ಅದಕ್ಕೆ ಹೇಳ್ದೇನೇ ಬೇಡ ಮಾಡಿದ್ರಿ."

ನಾದಿನಿ, "ತೋರಿಸಿ, ನೋಡ್ತೀನಿ" ಎಂದೆದ್ದಳು. ಕನ್ನಡಕ ಹಾಕಿಕೊಂಡು ತನ್ನ ಮೀನು ಕೆಲವೇ ನಿಮಿಷದಲ್ಲಿ ತುಂಡಾಗುವುದನ್ನು ನಿಂತು ನೋಡಿದಳು. ಒಂದು ತುಂಡು ತೆಗೆದು ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳು ಕಪ್ಪಾಯಿತು.

"ಮಕ್ಕಳು ಬಾಯಿಗೆ ಹಾಕ್ಕೊಳ್ತಾರೆ. ಅಂಚು ಉಜ್ಜದೆ ಕೊಟ್ಟಿದ್ದೀರಲ್ಲ ಅತ್ತಿಗೆ" ಎಂದು, ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ಒಗಟಿನಕ್ಕ ಶಾಲೆಗೆ ಹೋದಳು. ಹೆಡ್‌ಮಿಸ್ಸಿನ ಎದುರು ನಿಂತು, ಇದು ಕೈಕೆಲಸವಲ್ಲ, ಯಂತ್ರದ್ದು, ನಾದಿನಿಗೆ ಇದರ ಸುದ್ದಿಯೇ ಗೊತ್ತಿರಲಿಲ್ಲ, ಚಿತ್ರ ಮಾತ್ರ ಅವಳದು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ರಾತ್ರಿಯೆಲ್ಲ ಕಂಠಪಾಠ ಮಾಡಿದ್ದ ಮಾತು. ಹೆಡ್‌ಮಿಸ್ಸು ಹಾಜರಿ ಪುಸ್ತಕದಿಂದ ತಲೆಯೆತ್ತಿ, "ಯಂತ್ರ ಆದ್ರೇನು ಕೈ ಆದ್ರೇನು, ನಮಗೆಲ್ಲ ಒಂದೇ. ಮಕ್ಕಳ ಕೈಗೆ ಮಸಿ ಹತ್ತುತ್ತೆ, ಅದೊಂದು ಸರಿಮಾಡಿಕೊಡಿ" ಎಂದರು. ಬೈಸಿಕೊಂಡಾದರೂ ಹಗುರಾಗೋಣ ಎಂದು ಹೋದವಳು ಹೋದಾಗಿನಷ್ಟೇ ಭಾರವಾಗಿ ಎಂಬತ್ತು ಒಗಟು ಹೊತ್ತು ತಂದಳು.

ಒಂಬತ್ತು ದಿನ ಒಬ್ಬಳೇ ಕೂತು ಉಪ್ಪುಕಾಗದದಲ್ಲಿ ಅಂಚುಗಳನ್ನು ಉಜ್ಜಿದಳು. ಮಣಿಕಟ್ಟು ಊದಿಕೊಂಡಿತು. ಗಂಡ ನೆರವಿಗೆ ಬಂದರೆ ಬೇಡವೆಂದಳು. ಹಿಂದಿನ ಮುದ್ರೆಯನ್ನೂ ಉಜ್ಜಿ ತೆಗೆದಳು. ಶಾಯಿ ಮರದೊಳಕ್ಕೆ ಇಳಿದಿದ್ದರಿಂದ ಕೆಲವು ಕಡೆ 'ಕೈಯಿಂ' ಎಂಬುದು ಮಸುಕಾಗಿ ಉಳಿದೇಬಿಟ್ಟಿತು.

ಒಗಟುಗಳನ್ನು ಶಾಲೆಗೆ ಮುಟ್ಟಿಸಿ, ಬಳಿಕ ಚಿತ್ರಗಳ ಕಟ್ಟನ್ನು ತೆಗೆದುಕೊಂಡು ನಾದಿನಿಯ ಮನೆಗೆ ಹೋದಳು. "ವಾಪಸ್ ಬಾ. ಬರೆಯೋದು ನಿಂದು, ಉಜ್ಜೋದು ಇಬ್ಬರದು" ಎಂದಳು.

"ಇಲ್ಲ ಅತ್ತಿಗೆ. ಫೋಟೋ ಚೌಕಟ್ಟು ಮಾಡೋ ಅಂಗಡಿಗೆ ಸೇರ್ಕೊಂಡೆ. ಅಲ್ಲಿ ಹೋದ ಕೂಡ್ಲೇ ಏನು ಕೆಲಸ, ಎಷ್ಟು ಕೆಲಸ ಅಂತ ಬಾಯಿಬಿಟ್ಟು ಹೇಳ್ತಾರೆ." ಕಟ್ಟು ಬಿಚ್ಚಿ ಕಾಗದಗಳನ್ನು ಎಣಿಸುವವಳಂತೆ ತಿರುವಿಹಾಕಿ, ಅವನ್ನು ತನ್ನಲ್ಲೇ ಇಟ್ಟುಕೊಂಡಳು. ಕಂಪ್ಯೂಟರಿನಲ್ಲಿದ್ದವನ್ನು ಒಗಟಿನಕ್ಕ ಮನೆಗೆ ಬಂದೊಡನೆ ಅಳಿಸಿದಳು.

ಈಗ ಅವಳ ಒಗಟುಗಳಲ್ಲಿರುವುದು ಮನೆ, ಚೆಂಡು, ಏಣಿ ಇಂಥವೇ. ಸ್ಕೇಲು, ಬಟ್ಟಲು ಇಟ್ಟು ಎಳೆಯಬಹುದಾದವು. ಕೇಳಿದವರಿಗೆ, ಕೇಳದವರಿಗೆ ಕೂಡ, ಯಂತ್ರದಲ್ಲಿ ಕತ್ತರಿಸಿದ್ದು ಎಂದು ಮೊದಲೇ ಹೇಳಿಬಿಡುತ್ತಾಳೆ. ಕೆಲವರು ಅದನ್ನು ಹೆಮ್ಮೆ ಎಂದುಕೊಳ್ಳುತ್ತಾರೆ.

ಕಳೆದ ತಿಂಗಳು ನಾದಿನಿ ಬಂದಿದ್ದಳು. ಚೌಕಟ್ಟಿನ ಮೂಲೆಗೆ ಅಂಟಿಸುವ ಬಳ್ಳಿಯ ಚಿತ್ರ ಬರೆದು ತಂದಿದ್ದಳು, ನಾಲ್ಕು ಕತ್ತರಿಸಿಕೊಡಬೇಕಿತ್ತು. ಅಂಗಡಿಗೆ ಬಂದ ಗಿರಾಕಿಯ ಹಾಗೆ ಹೊಸ್ತಿಲಾಚೆಯೇ ನಿಂತು, "ಈಗ ಆಗತ್ತಾ, ನಾಳೆ ಬರ್ಲಾ?" ಎಂದು ಕೇಳಿದಳು. ಒಗಟಿನಕ್ಕ ಈಗಲೇ ಎಂದು ಒಳಗೆ ಕರೆದು ಕೂರಿಸಿದಳು. ಕತ್ತರಿಸಿ, ಉಜ್ಜಿ, ಒರೆಸಿ, ಹಳೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ನಾದಿನಿ ಒಂದನ್ನು ಬಿಚ್ಚಿ ಅಂಚು ಮುಟ್ಟಿ, ಬೆರಳು ನೋಡಿಕೊಂಡು, ತಲೆಯಾಡಿಸಿದಳು.

ತಿರುವಿನವರೆಗೂ ಜೊತೆಗೆ ನಡೆದರು. ಅಂಗಡಿಯ ಕೆಲಸ, ಬಿಸಿಲು, ಅಣ್ಣನ ಮಂಡಿನೋವು ಎಲ್ಲ ಮಾತಿಗೆ ಬಂದವು. ನಾದಿನಿ ಹೆಚ್ಚು ಮಾತಾಡಲಿಲ್ಲ. "ತಪ್ಪಾಯ್ತು" ಎಂಬ ಮಾತನ್ನು ಒಗಟಿನಕ್ಕ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಅಂದು ಹೇಳಲೇಬೇಕೆಂದು ತಿರುವಿನಲ್ಲಿ ನಿಂತಳು.

"ಬಿಸಿಲಿದೆ, ನೆರಳಲ್ಲಿ ಹೋಗು" ಎಂದಳು.