‘ಇರಬೇಕು’ ಅನ್ನುವಂತಿಲ್ಲ

ಅರವತ್ತರ ದಶಕದಲ್ಲಿ ನನಗೆ ವಿಮಾನ ಹಾರಿಸಲು ಕಲಿಸಿದ ಗುರುಗಳು ತೇರಗಾಂವ ಕಡೆಯವರು. ದಾಂಡೇಲಿಯ ಹೊರಗಿನ ಮಣ್ಣಿನ ರನ್‌ವೇ ಮೇಲಿನ ದನಗಳನ್ನು ಟವೆಲ್ ಬೀಸಿ ಅಟ್ಟಿ, ಅದೇ ಟವೆಲ್ಲಿಗೆ ಕೈ ಒರೆಸಿಕೊಂಡು ನನ್ನ ಹಿಂದಿನ ಸೀಟಿನಲ್ಲಿ ಕೂರುವರು. ಹೊರಡುವ ಮೊದಲು ಒಂದೊಂದನ್ನೇ ಕೇಳುವರು.

"ಟ್ರಿಮ್ ಎಲ್ಲೈತಿ?"

ವಿಮಾನದ ಮೂತಿಯ ಏರಿಳಿತವನ್ನು ಹದದಲ್ಲಿಡುವ ಚಕ್ರ ಅದು. "ನಡುವ ಇರಬೇಕ್ರಿ," ಎಂದೆ.

"ಇರಬೇಕು ಅಂದ್ರ? ಐತೋ, ಇಲ್ಲೋ?"

ನಮ್ಮ ಕಡೆ ಎಲ್ಲದಕ್ಕೂ ಇದೇ ಮಾತು. ಅಪ್ಪ ಮನ್ಯಾಗ ಅದಾರೇನು ಅಂದರೂ, ಇರಬೇಕ್ರಿ. ಗುರುಗಳು ಎಂಜಿನ್ ಬಂದ್ ಮಾಡಿ, ಇಳಿದು ನಡೆದೇಬಿಟ್ಟರು. ಅವತ್ತಿನ ಪಾಠ ಅಷ್ಟೇ. ಆ ವಾರ ಮತ್ತೊಮ್ಮೆ ನಾಲಿಗೆ ಜಾರಿತು, ಮತ್ತೊಂದು ದಿನ ಹೋಯಿತು. ನನಗೂ ಹಟ ಬಂತು. ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ, ಆಮೇಲೆ "ಐತ್ರಿ" ಅನ್ನುವುದನ್ನು ರೂಢಿ ಮಾಡಿಕೊಂಡೆ.

ಒಂದು ಬೆಳಗ್ಗೆ ಎಲ್ಲ ಮುಗಿಸಿ, "ಸರ್, ನಿಮ್ಮ ಬೆಲ್ಟ್?" ಎಂದು ಕೇಳಿದೆ.

"ಹಾಕಿರಬೇಕು, ನಡಿ," ಎಂದರು.

ನಾನು ಎಂಜಿನ್ ಬಂದ್ ಮಾಡಿದೆ.

ತಿರುಗಿ ನೋಡಿದರೆ ಬೆಲ್ಟಿನ ಎರಡೂ ತುದಿ ಅವರ ತೊಡೆಯ ಮೇಲೆ ಬಿಚ್ಚಿಯೇ ಬಿದ್ದಿದ್ದವು. ಅವರು ಕೆಳಗಿಳಿದು, ತುದಿಗಳು ಹಾರುವಾಗ ಎಲ್ಲೂ ಸಿಕ್ಕಿಕೊಳ್ಳದಂತೆ ಆ ಬೆಲ್ಟನ್ನು ಖಾಲಿ ಸೀಟಿಗೆ ಬಿಗಿದು ಕಟ್ಟಿದರು. "ಇವತ್ತ ನೀ ಒಬ್ಬಾವನ ಹೋಗಿ ಬಾ ತಮ್ಮಾ," ಎಂದು ಟವೆಲ್ ಹೆಗಲಿಗೆ ಹಾಕಿಕೊಂಡರು. ಅದೇ ನನ್ನ ಮೊದಲ ಒಂಟಿ ಹಾರಾಟ.

ಬೇಕೆಂದೇ ಹಾಗಂದರೋ, ನಿಜಕ್ಕೂ ಮರೆತಿದ್ದರೋ, ನಾನು ಕೇಳಲಿಲ್ಲ. ಮರೆತಿರಬೇಕು ಅನ್ನಲು ಇವತ್ತಿಗೂ ನಾಲಿಗೆ ಏಳುವುದಿಲ್ಲ.