ಹನ್ನೆರಡನೇ ಮೀಟರಿನ ಮರಳು

ಪವಿತ್ರ ತನ್ನ ಜೀವಮಾನದಲ್ಲಿ ಕಡಲು ಕಂಡದ್ದು ಎರಡೇ ಸಲ. ಆದರೂ ಕಡಲ ತಳದಲ್ಲಿ ಕಂಬ ಊರುವುದೇ ಅವಳ ಕಸುಬು. ಯಳಂದೂರಿನ ಮನೆಯ ಮಹಡಿ ಕೋಣೆಯಲ್ಲಿ ಕೂತು, ಗುಜರಾತಿನ ಕಡಲಲ್ಲಿ ನಿಲ್ಲಬೇಕಾದ ಗಾಳಿಯಂತ್ರಗಳಿಗೆ ಬುನಾದಿ ಲೆಕ್ಕ ಹಾಕುತ್ತಿದ್ದಳು. ಆ ಸೀಮೆಯಲ್ಲಿ ಭೂಮಿ ನಡುಗುವುದು ಹೊಸದೇನಲ್ಲ. ಬಿರುಗಾಳಿಗೆ ಜಗ್ಗದ ಕಂಬ ನೆಲ ನಡುಗಿದಾಗಲೂ ಜಗ್ಗಬಾರದು. ಅದಕ್ಕೆ ಉಕ್ಕಿನ ಕೊಳವೆ ಎಷ್ಟು ದಪ್ಪ, ಎಷ್ಟು ಆಳ ಎಂದು ತೀರ್ಮಾನಿಸುವವಳು ಇವಳು. ಬೀದಿಯವರ ಪಾಲಿಗೆ ಮಾತ್ರ ಅವಳು ಮನೆಯಲ್ಲೇ ಕೂತು ಏನೋ ಟೈಪ್ ಮಾಡುವ ಹೆಂಗಸು. ಅವಳೂ ತಿದ್ದುವ ಗೋಜಿಗೆ ಹೋಗಿರಲಿಲ್ಲ.

ನೆಲದ ಹುಚ್ಚು ಅಪ್ಪನಿಂದ ಬಂದದ್ದು. ನಂಜಯ್ಯನವರು ಕೊಳ್ಳೇಗಾಲದಲ್ಲಿ ಬೋರ್‌ವೆಲ್ ಲಾರಿ ಇಟ್ಟಿದ್ದವರು. ಅವರ ಲಾರಿಯಲ್ಲಿ ಹದಿನೆಂಟು ವರ್ಷ ದುಡಿದವನು ಹೂಗ್ಯಂನ ದೊರೆಸ್ವಾಮಿ. ರಾಡಿನ ಮೇಲೆ ಕೈಯಿಟ್ಟೇ ಕೆಳಗಿರುವುದು ಬಂಡೆಯೋ ಬಿರುಕೋ ಹೇಳಬಲ್ಲ ಆಸಾಮಿ. ಅಪ್ಪ ತೀರಿಕೊಂಡು ಲಾರಿ ಮಾರಿದ ಮೇಲೆ, ಅವನನ್ನು ಕಡಲ ತಳ ಕೊರೆಯುವ ಕಂಪನಿಗೆ ಸೇರಿಸಿದವಳು ಪವಿತ್ರಳೇ. ಅಲ್ಲಿ ಒಂದೂವರೆ ಮೀಟರಿಗೊಮ್ಮೆ ಸುತ್ತಿಗೆ ಬೀಳಿಸಿ, ರಾಡು ಒಂದಡಿ ಇಳಿಯಲು ಎಷ್ಟು ಏಟು ಬೇಕಾಯಿತೆಂದು ಅವನು ಬರೆದಿಡಬೇಕು. ಏಟು ಹೆಚ್ಚಾದರೆ ಗಟ್ಟಿ ನೆಲ, ಕಡಿಮೆಯಾದರೆ ಸಡಿಲ. ಅವನು ಬರೆದ ಅಂಕಿಯನ್ನೇ ನಂಬಿ ಇವಳು ಕಂಬದ ಆಳ ಗೊತ್ತುಮಾಡುತ್ತಿದ್ದಳು.

ಆ ಸೋಮವಾರ ಸಂಜೆ ನಾಲ್ಕಕ್ಕೆ ನಕ್ಷೆಗಳು ಉಕ್ಕಿನ ಕಾರ್ಖಾನೆಗೆ ಹೋಗಬೇಕಿತ್ತು. ಹೋದರೆ ಅಂದೇ ಉಕ್ಕು ಕತ್ತರಿಸಲು ಶುರು. ಬೆಳಿಗ್ಗೆ ಕೊನೆಯ ಸಲ ಕಣ್ಣಾಡಿಸುವಾಗ ದೊರೆಸ್ವಾಮಿ ಕೊರೆದ ಏಳನೇ ಗುಂಡಿಯ ವರದಿಯ ಮೇಲೆ ಅವಳ ಬೆರಳು ನಿಂತಿತು. ಹನ್ನೆರಡು ಮೀಟರ್ ಆಳದಲ್ಲಿ ಇಪ್ಪತ್ತಾರು ಏಟು ಎಂದಿದೆ, ಗಟ್ಟಿ ನೆಲ. ಆದರೆ ಪಕ್ಕದಲ್ಲಿ, ಆ ಒಂದೂವರೆ ಮೀಟರ್ ಕೊರೆಯಲು ಹಿಡಿದದ್ದು ಮೂರೇ ನಿಮಿಷ ಎಂದೂ ಬರೆದಿದೆ. ಮೇಲೆ ಕೆಳಗೆಲ್ಲ ಇಪ್ಪತ್ತು ನಿಮಿಷ ಹಿಡಿದ ನೆಲ ಇಲ್ಲಿ ಮಾತ್ರ ಬೆಣ್ಣೆಯಾಯಿತೇ?

ಮೈಸೂರಿನ ಆಫೀಸಿನಲ್ಲಿದ್ದ ಮ್ಯಾನೇಜರ್ ಮೂರ್ತಿಗೆ ಫೋನ್ ಮಾಡಿದಳು. ಬರೀ ಅನುಮಾನಕ್ಕೆ ಕೆಲಸ ನಿಲ್ಲಿಸಲಾಗದು, ನಾಲ್ಕರೊಳಗೆ ಆಧಾರ ಕೊಡಿ ಎಂದುಬಿಟ್ಟರು. ದೊರೆಸ್ವಾಮಿ ರಜೆಯಲ್ಲಿ ಊರಿಗೆ ಬಂದಿದ್ದ. ಅವನ ಫೋನ್ ವ್ಯಾಪ್ತಿ ಪ್ರದೇಶದ ಹೊರಗೆ. ಪವಿತ್ರ ಸ್ಕೂಟರ್ ಹತ್ತಿದಳು. ಕೊಳ್ಳೇಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಅರ್ಧ ಗಂಟೆ ಹಾಳಾಯಿತು. ಹನೂರಿನಲ್ಲಿ ಮತ್ತೆ ಫೋನ್ ಹಚ್ಚಿದರೆ ಅದೇ ಹಾಡು. ಅಲ್ಲಿಂದಾಚೆ ಕಾಡಿನ ದಾರಿಯಲ್ಲಿ ಆನೆ ನಿಂತಿದೆಯೆಂದು ಫಾರೆಸ್ಟಿನವರು ತಡೆದರು. ಕಾದಳು, ಗಡಿಯಾರ ನೋಡಿದಳು, ಆನೆಗೂ ಶಾಪ ಹಾಕಿದಳು. ಹೂಗ್ಯಂ ಮುಟ್ಟುವಾಗ ಎರಡೂವರೆ.

ದೊರೆಸ್ವಾಮಿ ಜೋಳದ ಹೊಲಕ್ಕೆ ಸೋಲಾರ್ ಬೇಲಿ ಬಿಗಿಯುತ್ತಿದ್ದ. ಅವಳನ್ನು ಕಂಡು ಮುಖವರಳಿಸಿ, ಊಟ ಮಾಡು ಬಾ ಎಂದ. ಪವಿತ್ರ ಊಟಕ್ಕೆ ಕೂರಲಿಲ್ಲ. ನಿಂತಲ್ಲೇ ಏಳನೇ ಗುಂಡಿಯ ವಿಷಯ ಎತ್ತಿದಳು.

“ಅಲ್ಲಿ ಮರಳು ಕಣವ್ವ,” ಎಂದ ದೊರೆಸ್ವಾಮಿ, ಏನೂ ಆಗದವನಂತೆ. “ಸುತ್ತಿಗೆ ಎತ್ತಂಗೇ ಇರ್ನಿಲ್ಲ, ರಾಡು ತಾನೇ ಇಳ್ದೋಯ್ತು. ಅದೂ ಒಂದು ನೆಲ್ವಾ? ಕೆಳಗೆ ಗಟ್ಟಿ ಸಿಕ್ದ ಮ್ಯಾಲೆ ಸುತ್ತಿಗೇಲಿ ಒಡ್ದು, ಆ ಏಟ್ನೇ ಬರ್ದೆ.”

ಬೋರ್‌ವೆಲ್ಲಿನವರ ರೂಢಿಯೇ ಅದು. ಸಡಿಲ ನೆಲಕ್ಕೆ ಕೇಸಿಂಗ್ ಕೊಳವೆ ಇಳಿಸಿ ಮರೆತುಬಿಡುವುದು, ಬರೆದಿಡುವುದು ಬಂಡೆಯನ್ನು, ನೀರನ್ನು ಮಾತ್ರ. ಅಪ್ಪನ ಪುಸ್ತಕಗಳೆಲ್ಲ ಹಾಗೇ ಇದ್ದವು, ಅವನ್ನು ನೋಡುತ್ತಲೇ ಬೆಳೆದವಳು ಇವಳು. ಸಿಟ್ಟು ನೆತ್ತಿಗೇರಿತು. ಆದರೆ ಅವನ ಮೇಲೆ ಎಗರುವ ಮುಖ ಅವಳಿಗಿರಲಿಲ್ಲ. ಗೊತ್ತಿದ್ದೂ ಒಂದು ಮಾತು ಹೇಳಿ ಕಳಿಸಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

“ಆ ಮರಳೇ ಮುಖ್ಯ ದೊರೆಸ್ವಾಮಣ್ಣ,” ಎಂದಳು. “ಭೂಮಿ ನಡುಗಿದ್ರೆ ನೀರು ಕುಡಿದಿರೋ ಆ ಮರಳು ಅಂಬಲಿ ಆಯ್ತದೆ. ಅಂಬಲೀಲಿ ಸೌಟು ನಿಂತಾತಾ?”

ದೊರೆಸ್ವಾಮಿ ಕೈಯಲ್ಲಿದ್ದ ತಂತಿಯನ್ನು ಮೆಲ್ಲಗೆ ನೆಲಕ್ಕಿಟ್ಟ. ಕೆಲಸ ಹೋಗುತ್ತದೆಯೇ ಎಂದು ಕೇಳಿದ. ಗೊತ್ತಿಲ್ಲ ಎಂದಳು ಪವಿತ್ರ; ಸುಳ್ಳು ಸಮಾಧಾನ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಊರಾಚೆಯ ಮೋರಿಯ ಮೇಲೆ ನಿಂತರೆ ಮಾತ್ರ ಸಿಗ್ನಲ್. ಅವನೇ ಅಲ್ಲಿಗೆ ಓಡುನಡಿಗೆಯಲ್ಲಿ ಕರೆದೊಯ್ದ.

ಮೂರು ಗಂಟೆ ಹತ್ತು ನಿಮಿಷಕ್ಕೆ ಮೂರ್ತಿ ಸಿಕ್ಕರು. ಮರಳಿನ ವಿಷಯ ಕೇಳಿ ಅವರು ಬಯ್ಯಲಿಲ್ಲ. ನಕ್ಷೆ ತಡೆಯುತ್ತೇನೆ ಎಂದರು. ಪವಿತ್ರ ಉಸಿರು ಬಿಟ್ಟಳು. ಆಗ ಅವರು, ಇದು ಏಳನೇ ಗುಂಡಿಯೊಂದರಲ್ಲೇ ತಾನೇ ಎಂದು ಕೇಳಿದರು. ಅವಳು ಫೋನಿಗೆ ಕೈ ಅಡ್ಡ ಹಿಡಿದು ದೊರೆಸ್ವಾಮಿಯ ಕಡೆ ತಿರುಗಿದಳು.

“ಸಡ್ಲ ಸಿಕ್ದಾಗೆಲ್ಲ ಅಂಗೇ ಮಾಡಿವ್ನಿ ಕಣವ್ವ,” ಎಂದ ಅವನು. “ಓದ್ ವರ್ಸ ಗೋಪುರುಕ್ ಕೊರ್ದಾಗ್ಲೂವೆ.”

ಗಾಳಿ ಅಳೆಯುವ ಆ ಗೋಪುರ ಅದೇ ಕಡಲಲ್ಲಿ ಆಗಲೇ ಎದ್ದು ನಿಂತಿತ್ತು. ಅದರ ಬುನಾದಿ ಲೆಕ್ಕವೂ ಪವಿತ್ರಳದೇ. ಬಣ್ಣ ಬಳಿಯಲು ಹೋದ ಆರು ಜನ ಈ ವಾರವೆಲ್ಲ ಅದರ ಮೇಲೆಯೇ ಇದ್ದರು. ಭೂಮಿ ನಡುಗುವುದು ಇಪ್ಪತ್ತು ವರ್ಷದ ಮೇಲೋ ಈ ರಾತ್ರಿಯೋ, ಹೇಳಬಲ್ಲವರು ಯಾರೂ ಇಲ್ಲ. ಪವಿತ್ರ ಫೋನನ್ನು ಮತ್ತೆ ಕಿವಿಗಿಟ್ಟಳು.

“ಸಾರ್, ನಕ್ಷೆ ಹಾಗಿರಲಿ,” ಎಂದಳು. “ಹೋದ ವರ್ಷ ನಾನು ನಿಲ್ಲಿಸಿದ ಗೋಪುರದಿಂದ ಮೊದಲು ಜನರನ್ನ ಇಳಿಸಿ.”