ಬರಿದಾಗಿತ್ತು ತಾನೆ?

ಸೈಲಸ್ ವಬಾನೋ ಕರಡಿಯನ್ನು ಕರಡಿ ಎಂದು ಕರೆದವನೇ ಅಲ್ಲ, ‘ಅಜ್ಜಿ’ ಎನ್ನುತ್ತಿದ್ದ. ಹೊಡೆಯುವ ಮುನ್ನ ಕ್ಷಮೆ ಕೇಳುತ್ತಿದ್ದ, ತಿಂದಾದ ಮೇಲೆ ಬುರುಡೆ ತೊಳೆದು ಮರಕ್ಕೆ ಕಟ್ಟುತ್ತಿದ್ದ. ಉತ್ತರದ ಹಿಮಕಾಡಿನ ಆಲ್ಬನಿ ಹೊಳೆಯ ಕ್ರೀ ಬುಡಕಟ್ಟಿನವರಲ್ಲಿ ಅವನಷ್ಟು ಮಡಿಯ ಬೇಟೆಗಾರ ಇನ್ನೊಬ್ಬನಿರಲಿಲ್ಲ ಬಿಡಿ.

ಮದುವೆಯಾದ ಮೊದಲ ವರ್ಷದ ಡಿಸೆಂಬರಿನಲ್ಲಿ, ಬಿಲದಲ್ಲಿ ಮಲಗಿದ್ದ ಕರಡಿಯನ್ನು ಹೊಡೆದು ಹೊಟ್ಟೆ ಸೀಳಿದರೆ ಒಳಗೆ ಇಲಿಯಷ್ಟು ಎರಡು ಮರಿ. ಅದೇ ತಿಂಗಳು ಹೆಂಡತಿ ಜೆಮೈಮಾಳ ಬಸಿರು ಇಳಿದುಹೋಯಿತು. ಮತ್ತೆ ನಿಲ್ಲಲೇ ಇಲ್ಲ.

“ಇನ್ಮೇಲೆ ಬಸ್ರಿ ಪ್ರಾಣಿ ಮುಟ್ಬೇಡ. ನನ್ನಾಣೆ,” ಎಂದಳು.

ಅಂದಿನಿಂದ ಬೇಟೆ, ಬಸಿರಾಗುವ ಮುಂಚೆಯೇ ಎಂದು, ಸೆಪ್ಟೆಂಬರಿನಲ್ಲಿ ಮಾತ್ರ. ಮರಿ ಜೊತೆಗಿದ್ದರೆ ಬಂದೂಕು ಎತ್ತುತ್ತಲೇ ಇರಲಿಲ್ಲ. ಹೆಣ್ಣು ಸಿಕ್ಕರೆ ಗರ್ಭಚೀಲ ಬಿಡಿಸಿ ನೋಡಿ, ಖಾಲಿ ಎಂದು ನಿರಾಳವಾಗಿ ನಾಯಿಗೆ ಎಸೆಯುತ್ತಿದ್ದ. ಮನೆಗೆ ಬಂದರೆ ಜೆಮೈಮಾ ಕೇಳುವಳು, “ಬರಿದಾಗಿತ್ತು ತಾನೆ?”

“ಬರಿದೇ ಕಣೆ.”

ಆಮೇಲೇ ಅವಳು ಮಾಂಸ ಒಲೆಗೆ ಇಡುವುದು. ನಲವತ್ತು ವರ್ಷ ಹೀಗೇ ನಡೆಯಿತು.

ಈ ಸಲ ಹೆಣ್ಣು ಕರಡಿ ಹೊಡೆದಾಗ, ವನ್ಯಜೀವಿ ಕಚೇರಿಯಲ್ಲಿ ಕೆಲಸಕ್ಕಿರುವ ತಂಗಿಯ ಮೊಮ್ಮಗಳು ವೆರೋನಿಕಾ ಆ ಚೀಲ ಬೇಕೆಂದಳು.

“ಖಾಲಿ ಚೀಲ ಇಟ್ಕೊಂಡು ಏನ್ ಮಾಡ್ತೀಯೇ, ತಂಬಾಕು ತುಂಬ್ತೀಯಾ?” ಸೈಲಸ್ ನಕ್ಕ.

ಅವಳು ಅವನನ್ನು ಕಚೇರಿಗೆ ಕರೆದೊಯ್ದು, ಚೀಲದೊಳಗೆ ನೀರು ಹಾಯಿಸಿ ಗಾಜಿನ ತಟ್ಟೆಗೆ ಇಳಿಸಿ, ಭೂತಗನ್ನಡಿ ಕೊಟ್ಟಳು. ನೀರಿನಲ್ಲಿ ಗಸಗಸೆ ಕಾಳಿನಷ್ಟು ಎರಡು ಬಿಳಿ ಚುಕ್ಕೆ.

“ಮರಿಗಳು ಅಜ್ಜ. ಜೂನ್‌ನಲ್ಲೇ ಕಟ್ಟಿರ್ತವೆ. ಚಳಿಗಾಲದವರೆಗೆ ಹಿಂಗೇ ತೇಲ್ತಾ ಕಾಯ್ತವೆ. ತಾಯಿ ಚೆನ್ನಾಗಿ ಕೊಬ್ಬಿದ್ರೆ ಆಮೇಲೆ ಅಂಟ್ಕೊಂಡು ಬೆಳೀತವೆ.”

“ಎಲ್ಲಾದ್ರಲ್ಲೂ?”

“ಮರಿ ಜೊತೆಗಿಲ್ಲದ ಹೆಣ್ಣಾದ್ರೆ, ಹೆಚ್ಚುಕಮ್ಮಿ ಎಲ್ಲಾದ್ರಲ್ಲೂ.”

ಸೈಲಸ್ ಭೂತಗನ್ನಡಿ ಕೆಳಗಿಟ್ಟ. ಅಯ್ಯೋ, ನಲವತ್ತು ವರ್ಷ ನೋಡಿದ್ದೇ ನೋಡಿದ್ದು, ಕಂಡಿದ್ದೇನು ಮಣ್ಣು. ಮನೆ ದಾರಿಯಲ್ಲಿ ತಾನೇ ಕಟ್ಟಿದ್ದ ಬುರುಡೆಗಳನ್ನು ದಾಟಲು ಅವನಿಗೆ ಹೆದರಿಕೆಯಾಯಿತು. ಕಣ್ಣಿನ ಗುಳಿಗಳೆಲ್ಲ ಅವನತ್ತಲೇ ತಿರುಗಿದ್ದವು. ಗಾಳಿ ಬೀಸಿ ಒಂದಕ್ಕೊಂದು ತಾಗಿದಾಗ ತಲೆ ತಗ್ಗಿಸಿ ಬಿರಬಿರನೆ ನಡೆದ. ಬಾಗಿಲಲ್ಲಿ ನಾಯಿ ಬಾಲ ಅಲ್ಲಾಡಿಸುತ್ತ ತನ್ನ ಪಾಲಿಗೆ ಕಾದಿತ್ತು.

“ಬರಿದಾಗಿತ್ತು ತಾನೆ?” ಒಲೆಯ ಮುಂದಿನಿಂದ ಜೆಮೈಮಾ ಕೇಳಿದಳು.

ಸುಳ್ಳು ಹೇಳೋಣವೆನಿಸಿತು. ಮಾಂಸದ ಗಂಟು ಕೆಳಗಿಟ್ಟ.

“ಇಲ್ಲ ಕಣೆ. ಎರಡಿದ್ವು. ಚೀಲ ಬಿಡಿಸಿದ್ರೂ ಗೊತ್ತೇ ಆಗಲ್ಲ, ಅಷ್ಟು ಸಣ್ಣವು.”

ಅವಳು ಪಾತ್ರೆಯನ್ನು ನೆಲಕ್ಕಿಟ್ಟಳು.

“ಹಾಗಾದ್ರೆ ಹೋದ ವರ್ಷದ್ದು?” ಎಂದಳು.